ಸಾಲಿನ ಕೊನೆಯ ಬೂಚು

ನಾನು ಒಂದು ಬೂಚು. ಮೊದಲೇ ಹೇಳಿಬಿಡುತ್ತೇನೆ, ಬಾಟಲಿಗೆ ಹಾಕುವ ಬೂಚಲ್ಲ, ನಾಟಕದ ದೀಪಗಳ ಸಾಲಿಗೆ ಹಾಕುವ ಬೂಚು. ಹೆಬ್ಬೆರಳಿನಷ್ಟು ಉದ್ದ, ಬೆಳ್ಳಿ ಬಣ್ಣದ ಮೈ, ಒಂದು ಕಡೆ ಮೂರು ಕಡ್ಡಿ, ಇನ್ನೊಂದು ಕಡೆ ಏನೂ ಇಲ್ಲ. ವೈರು ಕೂಡ ಇಲ್ಲ. ನನ್ನನ್ನು ಮೊದಲ ಸಲ ಕೈಗೆತ್ತಿಕೊಂಡವರೆಲ್ಲ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರ ಬಾಲ ಎಲ್ಲಿ ಹರಕೊಂಡು ಹೋಗೇತಿ?" ಎಂದೇ ಕೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ನನಗೆ ಬಾಲ ಇಲ್ಲ, ಮಾರಾಯರೇ. ನಾನೇ ಬಾಲದ ತುದಿ. ಇಂಗ್ಲಿಷಿನಲ್ಲಿ ಟರ್ಮಿನೇಟರ್ ಎಂಬ ಭಾರೀ ಹೆಸರು ಇದೆಯಂತೆ, ಆದರೆ ಗದಗಿನಲ್ಲಿ ಯಾರೂ ನನ್ನನ್ನು ಹಾಗೆ ಕರೆಯಲಿಲ್ಲ.

ನಾನು ಹುಟ್ಟಿದ್ದು ಬೆಟಗೇರಿಯ ಒಂದು ಪತ್ತಾರರ ಮನೆಯಲ್ಲಿ, ಬಂಗಾರದ ಕೆಲಸದ ಮಣೆಯ ಮೇಲೆ. ಅದು ನನ್ನ ಒಡೆಯ ಮೌನೇಶಪ್ಪನ ತಂದೆಯ ಮಣೆ. ಆ ಹಿರಿಯರು ಅದರ ಮುಂದೆ ಕೂತು ಅರ್ಧ ಊರಿನ ತಾಳಿ ಬೆಸೆದಿದ್ದರಂತೆ. ಮಗನ ಕಾಲಕ್ಕೆ ಜನ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳ ಕಡೆ ಹೊರಟುಹೋದರು. ಮೌನೇಶಪ್ಪ ಅದೇ ಮಣೆಯ ಮುಂದೆ ಕೂತು ಮಿಕ್ಸರು, ಫ್ಯಾನು ರಿಪೇರಿ ಮಾಡತೊಡಗಿದ. ಹಗಲೆಲ್ಲ ತಲೆ ತಗ್ಗಿಸಿ ಕೂರುತ್ತಿದ್ದ ಅವನು ನಾಟಕವಿದ್ದ ದಿನ ಮಾತ್ರ ಬೇರೆ ಮನುಷ್ಯನಾಗುತ್ತಿದ್ದ. ಬಯಲುದೀಪ ಕಲಾ ಬಳಗವೆಂಬ ಹವ್ಯಾಸಿ ತಂಡಕ್ಕೆ ಬೆಳಕು ಮಾಡುವವನು ಅವನೇ. ಅವನ ಹೆಂಡತಿ ಕಾಳವ್ವ ಅದೇ ತಂಡದ ನಟಿ. ಹಗಲು ಕುಪ್ಪಸ ಹೊಲಿಯುತ್ತಿದ್ದಳು, ಹೊಲಿಯುತ್ತಲೇ ಮಾತು ಬಾಯಿಪಾಠ ಮಾಡುತ್ತಿದ್ದಳು.

ನಾನು ಯಾಕೆ ಹುಟ್ಟಬೇಕಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆಲ್ಲ ದೀಪಕ್ಕೊಂದು ದಪ್ಪ ವೈರು, ವೈರಿಗೊಂದು ಹಿಡಿಕೆ ಇರುತ್ತಿತ್ತು. ಮೌನೇಶಪ್ಪ ಎರಡು ಕೈ, ಒಮ್ಮೊಮ್ಮೆ ಮೊಣಕೈಯನ್ನೂ ಕೊಟ್ಟು ಹಿಡಿಕೆ ಎಳೆಯುತ್ತಿದ್ದ. ಆಮೇಲೆ ಡಿಜಿಟಲ್ ಡಬ್ಬಿ ಬಂತು. ಈಗ ಡಬ್ಬಿಯಿಂದ ಒಂದೇ ತೆಳ್ಳನೆಯ ವೈರು ಮೊದಲ ದೀಪಕ್ಕೆ ಹೋಗುತ್ತದೆ, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಪಂಕ್ತಿಯಲ್ಲಿ ಬಡಿಸುತ್ತ ಹೋದ ಹಾಗೆ. ಪ್ರತಿ ದೀಪಕ್ಕೂ ಒಂದು ನಂಬರು. ಡಬ್ಬಿ ಒಂದೇ ಸಮನೆ ಹೇಳುತ್ತಿರುತ್ತದೆ: ಒಂದನೆಯವನೇ ಅರ್ಧ ಉರಿ, ಏಳನೆಯವನೇ ಆರಿಹೋಗು, ಹತ್ತನೆಯವನೇ ನೀಲಿಯಾಗು. ಪ್ರತಿ ದೀಪ ತನ್ನ ನಂಬರಿನ ಮಾತನ್ನು ಮಾತ್ರ ಹಿಡಿದು ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ. ಏನೂ ಬದಲಾಗದಿದ್ದರೂ ಡಬ್ಬಿ ಬಾಯಿ ಮುಚ್ಚುವುದಿಲ್ಲ, ಹೇಳಿದ್ದನ್ನೇ ಸೆಕೆಂಡಿಗೆ ನಲವತ್ತು ಸಲ ಹೇಳುತ್ತದೆ. ಆದರೆ ಹೇಳಿದ್ದು ಮುಟ್ಟಿತೋ ಇಲ್ಲವೋ ಎಂದು ಅದಕ್ಕೆ ತಿಳಿಯುವುದಿಲ್ಲ, ಏಕೆಂದರೆ ದೀಪಗಳಿಗೆ ತಿರುಗಿ ಮಾತಾಡಲು ಬಾಯಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹೊಸ ಡಬ್ಬಿಯ ಮೊದಲ ನಾಟಕದಲ್ಲೇ ದೀಪಗಳು ಹುಚ್ಚು ಹಿಡಿದಂತೆ ಕುಣಿದವು. ರಾಜನ ಸಾವಿನ ದೃಶ್ಯದಲ್ಲಿ ಮದುವೆಮನೆಯ ಹಾಗೆ ಝಗಝಗ. ಧ್ವನಿವರ್ಧಕದ ಮಾಬುಸಾಬ ಓಡಿಬಂದು, "ಮೌನೇಶಣ್ಣ, ದೀಪಕ್ಕ ಗಾಳಿ ಸೋಕೇತಿ, ಒಂದು ನಿಂಬಿಹಣ್ಣು ಇಳಸ್ರಿ," ಎಂದ. ಇಳಿಸಿದರು ಕೂಡ. ಗಾಳಿ ಹೋಗಲಿಲ್ಲ. ಮರುದಿನ ಮೌನೇಶಪ್ಪ ಮೈಸೂರಿನ ಯಾರೋ ತಿಳಿದವರಿಗೆ ಫೋನು ಮಾಡಿ ಗೋಳು ಹೇಳಿಕೊಂಡ. ಅವರು ನಕ್ಕು ನನ್ನ ಜಾತಕ ಹೇಳಿದರು. ಆ ಸಂಜೆಯೇ ಅವನು ಮೂರು ಕಡ್ಡಿಯ ಒಂದು ಖಾಲಿ ಪಿನ್ನು ತಂದ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಕಂದು, ಕೆಂಪು, ಕಂದು ಪಟ್ಟೆಯ ಒಂದು ರೆಸಿಸ್ಟರನ್ನು ತಂದೆಯ ಚಿಮಟದಲ್ಲಿ ಹಿಡಿದು, ಎರಡು ಕಡ್ಡಿಗಳ ನಡುವೆ ಬೆಸುಗೆ ಹಾಕಿದ. ಮೂಗುಬೊಟ್ಟಿಗೆ ಹರಳು ಕೂರಿಸುವಷ್ಟು ನಾಜೂಕಾಗಿ ಹಾಕಿದ. ಬಂಗಾರದ ಮಣೆಯ ಮೇಲೆ ಹುಟ್ಟಿದವನು ಎಂಬ ಸೊಕ್ಕು ನನಗೆ ಆವತ್ತಿನಿಂದ ಇದ್ದೇ ಇದೆ.

ಬಿಸಿ ಆರುವ ಮೊದಲೇ ಅಂಗೈ ಮೇಲಿಟ್ಟುಕೊಂಡು ಹೆಂಡತಿಗೆ ತೋರಿಸಿದ. "ಇದು ಸಾಲಿನ ಕೊನಿಗೆ ಕೂಡೂದು. ಬಂದ ಮಾತೆಲ್ಲ ನುಂಗತೈತಿ. ಇಲ್ಲಾಂದ್ರ ಮಾತು ಗ್ವಾಡಿಗೆ ಬಡದಂಗ ಹೊಳ್ಳಿ ಬಂದು, ಹಿಂದ ಬರೂ ಮಾತಿಗೆ ಡಿಕ್ಕಿ ಹೊಡೀತಾವ. ಆವಾಗ ದೀಪ ಕುಣೀತಾವ."

ಕಾಳವ್ವ ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: "ಇಷ್ಟಕ್ಕ ಮೈಸೂರಿಗೆ ಫೋನ್ ಮಾಡಿದ್ರೇನು? ನಮ್ಮ ತವರಮನ್ಯಾಗ ಕಾಲಿವಿಗೆ ನೀರು ಬಿಡೂಕಿಂತ ಮೊದ್ಲ ಕೊನಿ ಕಟ್ಟತಿದ್ವಿ. ಕೊನಿ ಕಟ್ಟದ ಬಿಟ್ರ ಯಾವ ಮಡಿಗೂ ನೀರು ನೆಟ್ಟಗ ಏರೂದಿಲ್ಲ. ತರ್ರಿ ಇಲ್ಲೆ. ಕೊನಿ ಕಟ್ಟೂದು ನನ್ನ ಕೆಲಸ."

ಹೀಗೆ ಹುಟ್ಟಿದ ದಿನವೇ ನಾನು ಕೈ ಬದಲಾಯಿಸಿದೆ. ಕಾಳವ್ವ ನನ್ನನ್ನು ತನ್ನ ಹಳೆಯ ಕಟ್ಟಿಗೆಯ ಕುಂಕುಮಭರಣಿಯಲ್ಲಿ ಇಟ್ಟಳು. ನನ್ನ ತಿರುಪಿನ ಸಂದಿಯಲ್ಲಿ ಇವತ್ತಿಗೂ ಆ ಕೆಂಪು ಉಳಿದಿದೆ.

ಅಂದಿನಿಂದ ಹನ್ನೆರಡು ವರ್ಷ ಅದೊಂದು ಪದ್ಧತಿಯೇ ಆಯಿತು. ದೀಪ ಕಟ್ಟಿ, ವೈರು ಎಳೆದು, ನಂಬರು ಹಾಕಿ ಮುಗಿದ ಮೇಲೆ ಕಾಳವ್ವ ಬಣ್ಣ ಹಚ್ಚಿಕೊಂಡೇ ಬರುತ್ತಿದ್ದಳು. ಸಾಲಿನ ಕೊನೆಯ ದೀಪ ಯಾವಾಗಲೂ ರಂಗದ ಎಡಮಗ್ಗುಲಲ್ಲಿ, ಕೈಗೆ ಎಟಕುವ ಹಾಗೆ ಕಂಬಕ್ಕೆ ಕಟ್ಟಿರುತ್ತಿತ್ತು. ದಿಕ್ಕು ತಿಳಿಯಲೆಂದು ನನ್ನ ಮೈಮೇಲೆ ಇರುವ ಗೀರನ್ನು ನೋಡದೆಯೇ ಬೆರಳಿನಿಂದ ಹುಡುಕಿ, ಸರಿಯಾದ ದಿಕ್ಕಿಗೆ ತಿರುಗಿಸಿ ಒತ್ತುತ್ತಿದ್ದಳು. ಟಕ್. ಕೈಯನ್ನು ಕಣ್ಣಿಗೆ ಒತ್ತಿಕೊಂಡು, ದೂರದಲ್ಲಿ ಡಬ್ಬಿಯ ಮುಂದೆ ಕೂತ ಗಂಡನಿಗೆ ಕೇಳುವ ಹಾಗೆ ಕೂಗುತ್ತಿದ್ದಳು: "ಕೊನಿ ಕಟ್ಟೀನ್ರೀ, ಬೆಳಕು ಬಿಡ್ರೀ!"

ಆ ಕೂಗು ಬರುವ ತನಕ ಮೌನೇಶಪ್ಪ ಡಬ್ಬಿಯ ಗುಂಡಿ ಮುಟ್ಟುತ್ತಿರಲಿಲ್ಲ. ಮಂತ್ರಿಗಳು ಬಂದು ಕೂತಿದ್ದರೂ ಮುಟ್ಟುತ್ತಿರಲಿಲ್ಲ.

"ವೈನಿ, ಬಾಟ್ಲಿಗೆ ಬೂಚು ಹಾಕಿದ್ರಿಲ್ಲೊ? ಇನ್ನ ನಾಟಕ ಚೆಲ್ಲೂದಿಲ್ಲ ಬಿಡ್ರಿ," ಎಂದು ಮಾಬುಸಾಬ ರೇಗಿಸುತ್ತಿದ್ದ. ನನಗೆ ಬೂಚು ಎಂದು ಹೆಸರಿಟ್ಟವನು ಅವನೇ. ಇಟ್ಟದ್ದು ತಮಾಷೆಗೆ, ಉಳಿದದ್ದು ಖಾಯಂ.

ಕಾಳವ್ವನಿಗೆ ಹೆಸರು ತಂದ ನಾಟಕ 'ಹೊನ್ನವ್ವನ ತೊಟ್ಟಿಲು'. ತಂಡದ ನಿರ್ದೇಶಕರಾದ ಹೊಂಬಳ ಮಾಸ್ತರರೇ ಬರೆದದ್ದು. ಊರಿನ ಕೂಸುಗಳನ್ನೆಲ್ಲ ತನ್ನ ಕೈಯಲ್ಲಿ ಹಿಡಿದ ಒಬ್ಬ ಸೂಲಗಿತ್ತಿಯ ಕಥೆ. ಕೊನೆಯಲ್ಲಿ ಅವಳೊಬ್ಬಳೇ ಖಾಲಿ ತೊಟ್ಟಿಲ ಹತ್ತಿರ ನಿಲ್ಲುತ್ತಾಳೆ. ರಂಗವೆಲ್ಲ ಕತ್ತಲು, ಅವಳ ಮೇಲೆ ಮಾತ್ರ ಅರಿಶಿನ ಬೆಳಕು. ಅದು ಬೀಳುವುದು ಸಾಲಿನ ಕೊನೆಯ ದೀಪದಿಂದ, ಅಂದರೆ ನಾನು ಕೂತ ದೀಪದಿಂದ. ಅವಳು ಗಾಳಿಯಲ್ಲಿ ಕೈ ಆಡಿಸುತ್ತ ಹೇಳುತ್ತಾಳೆ: "ತೂಗಾಕ ಕೂಸಿಲ್ಲಂದ್ರ ಏನಾತು? ಕೈ ತೂಗೂದು ಮರ್ತಿಲ್ಲ." ಆ ಮಾತಿಗೆ ಅಳದವರನ್ನು ನಾನು ಕಾಣಲಿಲ್ಲ. ಬೆಳಕು ಮೆಲ್ಲಗೆ ಆರುತ್ತ ಹೋಗುತ್ತಿತ್ತು. ಮೌನೇಶಪ್ಪ ಅದಕ್ಕೆ ಹತ್ತು ಎಣಿಸುತ್ತಿದ್ದ, ಆ ಎಣಿಕೆ ವೈರಿನ ಉದ್ದಕ್ಕೂ ಹರಿದು ನನ್ನ ತನಕ ಬಂದು ನನ್ನೊಳಗೆ ಮುಗಿಯುತ್ತಿತ್ತು. ನನ್ನ ಬಾಳಿನ ಸುಖ ಎಂದರೆ ಅದೊಂದೇ.

ಎಂಬತ್ತೊಂಬತ್ತನೆಯ ಪ್ರಯೋಗ ಕೊಪ್ಪಳದಲ್ಲಿ. ನಡುವೆ ಒಂದು ಕಡೆ ಕಾಳವ್ವ ಸುಮ್ಮನೆ ನಿಂತುಬಿಟ್ಟಳು. ನಟರು ಬೇಕೆಂದೇ ತಡೆದು ನಿಲ್ಲುವುದು ಬೇರೆ, ಮಾತು ಸಿಗದೆ ನಿಲ್ಲುವುದು ಬೇರೆ. ಕೊನೆಯ ದೀಪದಲ್ಲಿ ಕೂತ ನನಗೆ ಅವಳ ಮುಖ ಕಾಣುತ್ತಿತ್ತು. ಅವಳಿಗೆ ತಾನು ಎಲ್ಲಿದ್ದೇನೆಂಬುದೇ ತಿಳಿದಿರಲಿಲ್ಲ. ಡಬ್ಬಿಯ ಮುಂದೆ ಮೌನೇಶಪ್ಪ ಏನು ಮಾಡುತ್ತಿದ್ದೇನೆಂದು ತಿಳಿಯದೆ ಬಾಗಿಲ ಕಡೆಯ ನೀಲಿ ದೀಪವನ್ನು ಏರಿಸಿದ. ಅವಳು ಬೆಳಕಿನ ಕಡೆ ತಿರುಗಿದಳು. ಬಾಗಿಲು ಕಂಡಿತು. ಬಾಗಿಲಲ್ಲಿ ಆಡಬೇಕಾದ ಮಾತು ತಾನೇ ತಾನಾಗಿ ಬಾಯಿಗೆ ಬಂತು. ನೋಡಿದವರು ಎಂಥ ಅಭಿನಯ ಎಂದು ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಆಗಲೇ ಪಲ್ಯಕ್ಕೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಹೊಲಿದ ಕುಪ್ಪಸ ಯಾರದೆಂದು ಮರೆತು ಹೋಗುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಇದು ಮರೆವಿನ ಕಾಯಿಲೆ, ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ ಎಂದರು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕಾಳವ್ವ ಹೇಳಿದಳು: "ಮಾಸ್ತರಗ ಹೇಳಬ್ಯಾಡ್ರಿ. ಹೇಳಿದ್ರ ನಾಳೆ ಹೊನ್ನವ್ವನ್ನ ಬ್ಯಾರೆದಾಕಿಗೆ ಕೊಡ್ತಾರ. ನೂರು ತುಂಬಲಿ. ಇನ್ನ ಹನ್ನೊಂದು ಅದಾವ. ನೂರು ತುಂಬಿದ ದಿನ ನಾನೇ ಬಣ್ಣ ತೊಳಕೊಂಡು ಮನ್ಯಾಗ ಕೂಡ್ತೀನಿ. ಕೇಳಿದ್ರಿಲ್ಲೊ?"

ಮೌನೇಶಪ್ಪ ಅವಳ ಪಕ್ಕ ಕೂತು, "ಮಾತು ಮರತರ ಹೆದರಬ್ಯಾಡ. ಬೆಳಕಿನ ಕಡೆ ಹೊಳ್ಳು. ನಾ ಕರೀತೀನಿ," ಎಂದ.

ಅಂದಿನಿಂದ ಬೆಳಕೇ ಅವಳಿಗೆ ಮಾತು ಎತ್ತಿಕೊಡತೊಡಗಿತು. ಮುಂಜಾನೆ ಅಡುಗೆ ಮುಗಿದ ಮೇಲೆ ನಡುಮನೆಯ ಕಿಟಕಿಗೆ ಕೌದಿ ಹೊದಿಸಿ ಕತ್ತಲು ಮಾಡಿ, ನಾಲ್ಕು ದೀಪ ಇಟ್ಟು, ಸಾಲು ಎಳೆದು, ಕೊನೆಗೆ ನನ್ನನ್ನು ಕಟ್ಟಿ ಇಬ್ಬರೂ ತಾಲೀಮು ಮಾಡುತ್ತಿದ್ದರು. ನೀಲಿ ಬಂದರೆ ಬಾಗಿಲು, ಕೆಂಪು ಬಂದರೆ ಒಲೆ, ಬಿಳಿ ಬಂದರೆ ಗೌಡನ ಜೊತೆಗಿನ ಜಗಳ, ಅರಿಶಿನ ಬಂದರೆ ತೊಟ್ಟಿಲು. ಅವಳು ತಪ್ಪಿದರೆ ಅವನು ಬೈಯುತ್ತಿರಲಿಲ್ಲ, ಬೆಳಕನ್ನು ಆರಿಸಿ ಮತ್ತೆ ಏರಿಸುತ್ತಿದ್ದ. ಅವನ ಡಬ್ಬಿಯ ಹಾಗೆಯೇ ಅವನೂ ಹೇಳಿದ್ದನ್ನೇ ಹೇಳುತ್ತಿದ್ದ, ಬೇಜಾರಿಲ್ಲದೆ. ತೊಂಬತ್ತು, ತೊಂಬತ್ತೊಂದು, ತೊಂಬತ್ತೆರಡು ಹೀಗೆ ದಾಟಿದವು. ಈ ಗುಟ್ಟು ತಿಳಿದಿದ್ದದ್ದು ಅವರಿಬ್ಬರಿಗೆ ಮತ್ತು ನನಗೆ. ಮಾಬುಸಾಬನಿಗೂ ತಿಳಿದಿತ್ತೆಂದು ನನ್ನ ಗುಮಾನಿ. ಅವನು ಆಗಿನಿಂದ ಅವಳನ್ನು ರೇಗಿಸುವುದನ್ನು ನಿಲ್ಲಿಸಿದ್ದ.

ತೊಂಬತ್ತಾರಾದವು. ಇನ್ನು ನಾಲ್ಕೇ ನಾಲ್ಕು ಉಳಿದಿದ್ದವು.

ತೊಂಬತ್ತೇಳನೆಯದು ಹುಬ್ಬಳ್ಳಿಯ ಒಂದು ಬಯಲು ರಂಗಮಂದಿರದಲ್ಲಿ. ಡಬ್ಬಿಯನ್ನು ಪ್ರೇಕ್ಷಕರ ಬೆನ್ನ ಹಿಂದೆ, ಗೋಡೆಯ ಹತ್ತಿರವೇ ಇಡಬೇಕೆಂದು ಕಾರ್ಯಕ್ರಮದವರು ಹಟ ಹಿಡಿದರು. ವೈರು ಮೈದಾನ ಸುತ್ತಿಕೊಂಡು ಬರಬೇಕಾಯಿತು. ಅಷ್ಟು ಉದ್ದದ ಸಾಲನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಸಣ್ಣ ಸಾಲಿಗೆ ನಾನಿಲ್ಲದಿದ್ದರೂ ನಡೆದೀತು, ಸುಳ್ಳು ಯಾಕೆ ಹೇಳಲಿ. ಇಂಥ ಉದ್ದದ ಸಾಲಿಗೆ ನಾನು ಬೇಕೇ ಬೇಕು.

ಹೊತ್ತು ಇಳಿಯುವಾಗ ಕಾಳವ್ವ ಬಣ್ಣದ ಕೋಣೆಯಲ್ಲಿ ಭರಣಿ ತೆರೆದು ನನ್ನನ್ನು ಕೈಗೆ ತೆಗೆದುಕೊಂಡಳು. ಕೊನೆಯ ದೀಪದ ಕಡೆ ನಾಲ್ಕು ಹೆಜ್ಜೆ ಇಟ್ಟಿರಬೇಕು, ಅಷ್ಟರಲ್ಲಿ ಗೌಡನ ಹೆಂಡತಿಯ ಪಾತ್ರದವಳು ಓಡಿಬಂದಳು. "ಅಕ್ಕಾ, ನನ್ನ ಸೀರಿ ನೆರಿಗಿ ಬಿಚ್ಚೇತಿ, ಒಂದೀಟು ಹಿಡೀ." ಎರಡು ಕೈಯೂ ಬೇಕಾಯಿತು. ಕಾಳವ್ವ ನನ್ನನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು. ಬಸ್ಸಿನ ಚಿಲ್ಲರೆ, ಅಡಿಕೆ ಚೂರು, ದೇವಸ್ಥಾನದ ಹೂವು, ಎಲ್ಲವನ್ನೂ ಅವಳು ಕಟ್ಟಿಕೊಳ್ಳುತ್ತಿದ್ದದ್ದು ಅಲ್ಲೇ. ನೆರಿಗೆ ಕಟ್ಟಿಯಾಯಿತು. ನಾನು ಗಂಟಿನೊಳಗಿಂದ ಕಾದೆ. ಬಿಚ್ಚು, ತಾಯಿ, ಈಗ ಬಿಚ್ಚು. ಅವಳು ಕನ್ನಡಿಯ ಮುಂದೆ ಕೂತು ಕುಂಕುಮ ತಿದ್ದಿಕೊಂಡಳು.

ಕೂಗು ಬರಲಿಲ್ಲವೆಂದು ಮೌನೇಶಪ್ಪನೇ ಮೈದಾನ ದಾಟಿ ಬಂದ. ಅವನ ಏದುಸಿರು ನನಗೆ ಕೇಳಿಸಿತು.

"ಕಾಳಿ, ಕೊನಿ ಕಟ್ಟಿದೇನು?"

"ಕಟ್ಟೀನ್ರಿ."

ಅವನು ನಿಂತೇ ಇದ್ದ. "ನಾ ಒಮ್ಮೆ ನೋಡಿ ಬರ್ಲೇನು?"

ಅವಳ ಕೈ ನಿಂತಿತು. "ಯಾಕ? ಹನ್ನೆರಡು ವರ್ಸದಾಗ ಎಂದಾದ್ರೂ ನೋಡೀರೇನು? ಇವತ್ತ್ಯಾಕ? ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ದೀಪ ಅಲ್ಲಿಂದ ಹತ್ತು ಹೆಜ್ಜೆ ಇತ್ತು. ಪರದೆ ಸರಿಸಿ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಆದರೆ ಅವನು ನೋಡಲು ಹೋದರೆ ಅವಳ ಕೈಯಲ್ಲಿ ಉಳಿದಿದ್ದ ಆ ಒಂದು ಕೆಲಸವನ್ನೂ ಕಿತ್ತುಕೊಂಡ ಹಾಗೆ. ಡಾಕ್ಟರು ಹೇಳಿದ್ದನ್ನು ಅವಳ ಮುಖದೆದುರು ತಾನೂ ಹೇಳಿದ ಹಾಗೆ. ಅದು ಅವನಿಂದ ಆಗಲಿಲ್ಲ. ನನ್ನನ್ನು ಕೇಳಿದ್ದರೆ, ಅಯ್ಯೋ ಹುಚ್ಚಪ್ಪಾ, ಅವಳು ಅತ್ತರೂ ಅಡ್ಡಿಯಿಲ್ಲ ಹೋಗಿ ನೋಡು ಎನ್ನುತ್ತಿದ್ದೆ. ನನ್ನನ್ನು ಯಾರು ಕೇಳುತ್ತಾರೆ?

"ಐತಿ," ಎಂದ ಮೌನೇಶಪ್ಪ. ಹೋದ.

ಶುರುವಿನಲ್ಲಿ ಎಲ್ಲ ಸರಿಯಾಗಿತ್ತು. ಕೊನೆ ಕಟ್ಟದ ಸಾಲಿನ ಗುಣವೇ ಅದು, ಅರ್ಧ ದಾರಿಗೆ ಬಂದ ಮೇಲೆ ಕೈ ಕೊಡುತ್ತದೆ. ಗೌಡನ ಜಗಳದ ಹೊತ್ತಿಗೆ ಒಂದು ದೀಪ ಮಿಣಕ್ ಎಂದಿತು. ಕಾಳವ್ವ ಆ ಕಡೆ ಸರಕ್ಕನೆ ತಿರುಗಿದಳು. ಅದು ನೀಲಿ. ಅವಳು ಗೌಡನನ್ನು ಬಿಟ್ಟು ಬಾಗಿಲಿಗೆ ಹೋದಳು. ಅಷ್ಟರಲ್ಲಿ ಕೆಂಪು ಮಿನುಗಿತು, ಒಲೆಗೆ ಬಂದಳು. ಬಿಳಿ. ಮತ್ತೆ ನೀಲಿ. ತೊಟ್ಟಿಲ ಮೇಲೆ ಅರಿಶಿನ ಹತ್ತಿ ಆರಿತು. ಕರೆದ ಕಡೆಗೆಲ್ಲ ಓಡುತ್ತಿದ್ದಳು, ಅರ್ಧ ಮಾತು ಇಲ್ಲಿ, ಅರ್ಧ ಮಾತು ಅಲ್ಲಿ. ಜನ ಮೊದಲು ಗುಸುಗುಸು ಎಂದರು, ಆಮೇಲೆ ನಕ್ಕರು. ಯಾರೋ ಸಿಳ್ಳೆ ಹಾಕಿದರು. ಮೌನೇಶಪ್ಪ ಎಲ್ಲ ದೀಪ ಆರಿಸಲು ಗುಂಡಿ ಎಳೆದನಂತೆ. ಆರಿಹೋಗಿ ಎಂಬ ಮಾತು ಹೊರಟಿತು, ಆದರೆ ಆ ಗದ್ದಲದಲ್ಲಿ ಯಾವ ದೀಪಕ್ಕೆ ಯಾವ ಮಾತು ಮುಟ್ಟಬೇಕು? ನುಂಗಬೇಕಾದವನು ಅವಳ ಸೆರಗಿನಲ್ಲಿದ್ದ. ಹನ್ನೆರಡು ವರ್ಷದಲ್ಲಿ ಅವಳ ಜೊತೆ ನಾನು ರಂಗದ ಮೇಲೆ ಹೋದದ್ದು ಅದೊಂದೇ ಸಲ. ನನ್ನ ಜಾಗ ನಾಲ್ಕು ಮಾರು ದೂರದಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ನನಗೆ ಕಾಲಿಲ್ಲವಲ್ಲ ಎಂದು ನಾನು ಅತ್ತದ್ದು ಅವತ್ತೇ.

ಹೆದರಿಕೆಗೆ ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. ನಾನು ಆ ಮುಷ್ಟಿಯೊಳಗೇ ಇದ್ದೆ. ನನ್ನ ಕಡ್ಡಿಗಳು ಅವಳ ಅಂಗೈಗೆ ಚುಚ್ಚುತ್ತಿದ್ದವು. ಅವಳು ರಂಗದ ನಡುವೆ ನಿಂತು, ಜನರ ತಲೆಯ ಮೇಲಿನಿಂದ ದೂರದ ಡಬ್ಬಿಯ ಕಡೆ ನೋಡುತ್ತ, ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು:

"ಯಾವ ಕಡೆ ಬರ್ಲಿರೀ? ಎಲ್ಲಾ ಕಡಿಂದ ಕರದ್ರ ನಾ ಹ್ಯಾಂಗ ಬರ್ಲಿ? ಹೇಳ್ರೀ!"

ಕೆಲವರು ಅದು ನಾಟಕದ ಮಾತೆಂದು ತಿಳಿದು ಚಪ್ಪಾಳೆ ತಟ್ಟಿದರು. ಹೊಂಬಳ ಮಾಸ್ತರರು ಪರದೆ ಎಳೆಸಿದರು.

ಮೌನೇಶಪ್ಪ ಮೈದಾನದ ಅಷ್ಟುದ್ದವನ್ನೂ ಓಡಿ ಬಂದ. ಪರದೆಯ ಒಳಗೆ ಎಲ್ಲರೂ ಅವಳ ಸುತ್ತ ನಿಂತಿದ್ದರು. ಅವನು ಅವಳ ಕೈ ಹಿಡಿದು ಮುಷ್ಟಿ ಬಿಡಿಸಿದ. ಬಟ್ಟೆಯ ಗಂಟಿನೊಳಗೆ ನಾನು ಅವನ ಬೆರಳಿಗೆ ತಾಗಿದೆ. ಒಂದು ಕ್ಷಣ ಅವನ ಬೆರಳು ಹಾಗೇ ಉಳಿಯಿತು. ಆಮೇಲೆ ಸೆರಗು ಸರಿಪಡಿಸುವವನಂತೆ ಗಂಟು ಬಿಚ್ಚಿ, ಅವಳು ನೋಡುವ ಮೊದಲು ನನ್ನನ್ನು ತನ್ನ ಅಂಗೈಗೆ ಇಳಿಸಿಕೊಂಡ. ನಂತರ ಮಾಸ್ತರರ ಕಡೆ ತಿರುಗಿ, ಎಲ್ಲರಿಗೂ ಕಾಣುವ ಹಾಗೆ ನನ್ನನ್ನು ಎತ್ತಿ ಹಿಡಿದ.

"ತಪ್ಪು ನಂದ್ರಿ ಮಾಸ್ತರ. ಅಕಿ ಕಟ್ಟಿದ್ಲು. ನಾನೇ ತಗದು ಕಿಸೇದಾಗ ಇಟಗೊಂಡು ಮರತೆ."

ಕಾಳವ್ವ ಅವನನ್ನು ನೋಡಿದಳು. ನಲವತ್ತು ವರ್ಷದ ಸಂಸಾರದಲ್ಲಿ ಆ ನೋಟ ಅವನು ಕಂಡಿರಲಾರ. "ನೀವಾ?" ಎಂದಳು. "ನೀವು ನನ್ನ ನಾಟಕ ಕೆಡಿಸಿದ್ರ್ಯಾ?"

"ಹೂಂ," ಎಂದ ಮೌನೇಶಪ್ಪ.

ಮಾಬುಸಾಬ ಮುಖ ಆ ಕಡೆ ತಿರುಗಿಸಿಕೊಂಡು ಮೈಕಿನ ವೈರು ಸುತ್ತತೊಡಗಿದ. ಅವನು ಎಲ್ಲ ನೋಡಿದ್ದ.

ಮಾಸ್ತರರು ಒಳ್ಳೆಯ ಮನುಷ್ಯ. ಆದರೆ ಅವರಿಗೂ ಕಣ್ಣಿದ್ದವು. ಯಾವ ಕಡೆ ಬರಲಿ ಎಂಬ ಕೂಗು ದೀಪ ಕೆಟ್ಟದ್ದಕ್ಕೆ ಬಂದ ಕೂಗಲ್ಲವೆಂದು ಅವರಿಗೆ ತಿಳಿಯಿತು. ತಿಂಗಳು ಕಳೆದ ಮೇಲೆ ಹೊನ್ನವ್ವನ ಪಾತ್ರ ಧಾರವಾಡದ ಒಬ್ಬ ಹುಡುಗಿಗೆ ಹೋಯಿತು. ನಾಟಕ ನೂರಾಯಿತು, ನೂರಹತ್ತೂ ಆಯಿತು. ಕಾಳವ್ವನದು ತೊಂಬತ್ತಾರಕ್ಕೇ ನಿಂತಿತು.

ನಾನು ಅತಿ ಹೆಚ್ಚು ಸಂಕಟಪಟ್ಟದ್ದು ಆಮೇಲೆ. ಕಾಳವ್ವನ ತಲೆಯಿಂದ ಒಂದೊಂದೇ ಇಳಿದು ಹೋಗುತ್ತಿತ್ತು. ಓಣಿಯ ಹೆಸರು ಹೋಯಿತು, ಸೂಜಿಗೆ ದಾರ ಪೋಣಿಸುವುದು ಹೋಯಿತು, ಉಂಡದ್ದು ಉಣ್ಣದ್ದು ಹೋಯಿತು. ಹೋಗದೆ ಉಳಿದದ್ದು ಒಂದು ಮಾತು ಮಾತ್ರ. ಮನೆಗೆ ಯಾರೇ ಬರಲಿ, ಗಂಡನ ಕಡೆ ಬೆರಳು ತೋರಿಸಿ, "ಇಂವ ನನ್ನ ನಾಟಕ ಕೆಡಿಸಿದಾಂವ. ನೂರು ತುಂಬಸಾಕ ಬಿಡಲಿಲ್ಲ," ಎನ್ನುತ್ತಿದ್ದಳು. ಅವನು ಅವಳಿಗೆ ಅನ್ನ ಕಲಸಿ ಬಾಯಿಗಿಡುತ್ತ, "ಹೌದವಾ, ನಾನೇ," ಎನ್ನುತ್ತಿದ್ದ.

ಒಂದು ದಿನ ಮಾಬುಸಾಬನಿಗೆ ತಡೆಯಲಿಲ್ಲ. "ಮೌನೇಶಣ್ಣ, ಇಷ್ಟ ದಿನ ಬೈಸಿಕೊಂಡೀ. ಖರೇ ಹೇಳಿಬಿಡೋ. ಹೆಂಗಿದ್ರೂ ಅಕಿ ನಾಳಿಗೆ ಮರೀತಾಳ."

"ಅದಕ್ಕ ಹೇಳೂದಿಲ್ಲ," ಎಂದ ಮೌನೇಶಪ್ಪ. "ಮರಿಯೂ ಮಟಾ ಇರ್ತೈತಲ್ಲ, ಅಷ್ಟ ಹೊತ್ತಾದ್ರೂ ಅಕಿ ತನ್ನ ಕೈ ಬೈಕೊಂಡು ಅಳ್ತಾಳ. ನನ್ನ ಬೈಲಿ ಬಿಡು."

ಆಮೇಲೆ ಒಂದು ಮುಂಜಾನೆ ಅವಳು ಬೈಯಲಿಲ್ಲ. ಅದೂ ಮರೆತುಹೋಗಿತ್ತು. "ಯಾರ್ರೀ ನೀವು?" ಎಂದು ಸಲಿಗೆಯಿಲ್ಲದ ಮರ್ಯಾದೆಯಿಂದ ಕೇಳಿದಳು. ಅಷ್ಟು ದಿನ ಬೈಗುಳ ತಿಂದು ತಡೆದುಕೊಂಡಿದ್ದ ಮನುಷ್ಯ ಆವತ್ತು ಹಿತ್ತಲಿಗೆ ಹೋಗಿ ಅತ್ತ. ಬೈಯುವುದಕ್ಕಾದರೂ ಅವಳಿಗೆ ಅವನ ಗುರುತು ಇತ್ತಲ್ಲ.

ಡಬ್ಬಿ, ವೈರು, ದೀಪಗಳನ್ನು ಹಾವೇರಿಯ ಒಬ್ಬ ಬಾಡಿಗೆ ಸಾಮಾನಿನವನು ಒಯ್ದ. ಕೊನೆಯ ದೀಪವನ್ನು ಮಾತ್ರ ಬಿಟ್ಟ, ಅದರ ಹೊಟ್ಟೆ ಸುಟ್ಟಿತ್ತು. ನನ್ನನ್ನೂ ತಿರುಗಿಸಿ ಮುರುಗಿಸಿ ನೋಡಿ, "ಬಾಲ ಇಲ್ಲದ್ದು ತಗೊಂಡು ಏನ್ ಮಾಡ್ಲಿ?" ಎಂದು ಮಣೆಯ ಮೇಲೆ ಎಸೆದು ಹೋದ. ನಾನು ಹುಟ್ಟಿದ ಮಣೆಯ ಮೇಲೆಯೇ ಬಂದು ಬಿದ್ದೆ. ಮೌನೇಶಪ್ಪ ನನ್ನನ್ನು ಕುಂಕುಮಭರಣಿಗೆ ಹಾಕಿದ. ಸುಟ್ಟ ದೀಪವನ್ನು ನಡುಮನೆಯ ಮೂಲೆಯಲ್ಲಿ ಕಂಬಕ್ಕೆ ಕಟ್ಟಿದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಹೋದ ವಾರದ ಮಾತು. ಕಾಳವ್ವ ಭರಣಿಯನ್ನು ಆಟದ ಸಾಮಾನಿನ ಹಾಗೆ ಅಲುಗಾಡಿಸುತ್ತ ಕೂತಿದ್ದಳು. ಮುಚ್ಚಳ ಬಿಚ್ಚಿ ನಾನು ಅವಳ ಮಡಿಲಿಗೆ ಬಿದ್ದೆ. ಅವಳು ನನ್ನನ್ನು ನೋಡಲಿಲ್ಲ. ಅವಳ ಬೆರಳು ನನ್ನ ಮೈ ಸವರಿತು, ಗೀರು ಹುಡುಕಿತು, ಹಾಗೇ ನಿಂತಿತು. ಎದ್ದಳು. ಗೋಡೆ ಹಿಡಿದುಕೊಂಡು ಮೂಲೆಯ ದೀಪದ ತನಕ ಹೋದಳು. ಸರಿಯಾದ ದಿಕ್ಕಿಗೆ ತಿರುಗಿಸಿ ಒತ್ತಿದಳು. ಟಕ್. ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

"ಕೊನಿ ಕಟ್ಟೀನ್ರೀ," ಎಂದಳು. ಧ್ವನಿ ಸಣ್ಣಗಾಗಿತ್ತು, ಮಾತು ಅದೇ. "ಬೆಳಕು ಬಿಡ್ರೀ."

ಮೌನೇಶಪ್ಪ ಅಡುಗೆಮನೆಯಿಂದ ಬಂದವನು ಬಾಗಿಲಲ್ಲೇ ನಿಂತ. ಅವನ ಹತ್ತಿರ ಡಬ್ಬಿ ಇರಲಿಲ್ಲ, ವೈರು ಇರಲಿಲ್ಲ. ಕೈ ಟ್ಯೂಬ್‌ಲೈಟಿನ ಗುಂಡಿಗೆ ಹೋಗಿ ಹಿಂದೆ ಬಂತು. ಟ್ಯೂಬ್‌ಲೈಟು ಹತ್ತುವಾಗ ಮಿಣಕ್ ಮಿಣಕ್ ಎನ್ನುತ್ತದೆ. ಅವನು ಕಿಟಕಿಯ ಹತ್ತಿರ ಹೋದ. ತಾಲೀಮಿಗೆಂದು ಆಗ ಹೊದಿಸಿದ್ದ ಕೌದಿ ಇನ್ನೂ ಅಲ್ಲೇ ಇತ್ತು. ಅದರ ಅಂಚು ಹಿಡಿದು ಮೆಲ್ಲಗೆ ಸರಿಸಿದ, ತುಟಿಯಲ್ಲೇ ಎಣಿಸುತ್ತ, ಒಂದು, ಎರಡು, ಮೂರು. ಹತ್ತಕ್ಕೆ ಮುಂಜಾನೆಯ ಬಿಸಿಲು ನೆಲದ ಮೇಲೆ ಪೂರ್ತಿ ಬಿದ್ದಿತ್ತು.

ಕಾಳವ್ವ ಆ ಬಿಸಿಲಿಗೆ ನಡೆದು ಬಂದಳು. ಬಲಗೈ ಎತ್ತಿ ಗಾಳಿಯಲ್ಲಿ ಆಡಿಸಿದಳು, ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ. ಬಾಯಿ ತೆರೆದಳು. ಮಾತು ಬರಲಿಲ್ಲ. ಕಾದಳು. ಬೆಳಕಿನ ಕಡೆ ತಿರುಗಿದಳು, ಬೆಳಕೂ ಎತ್ತಿಕೊಡಲಿಲ್ಲ. ಆಗ ಮೌನೇಶಪ್ಪ, ಬದುಕಿನಲ್ಲಿ ಎಂದೂ ರಂಗದ ಮೇಲೆ ಒಂದು ಮಾತೂ ಆಡದವನು, ಕಿಟಕಿಯ ಹತ್ತಿರದಿಂದ ಆ ಮಾತು ಹೇಳಿದ. "ತೂಗಾಕ ಕೂಸಿಲ್ಲಂದ್ರ ಏನಾತು? ಕೈ ತೂಗೂದು ಮರ್ತಿಲ್ಲ."

ಕೈ ನಿಂತಿತು. ಅವಳು ಅವನನ್ನು ಬಹಳ ಹೊತ್ತು ನೋಡಿದಳು. ನಾನು ದೀಪದಲ್ಲಿ ಕೂತು ಕಾದೆ. ಈಗ ಗುರುತು ಹಿಡಿಯುತ್ತಾಳೆ, ಈಗ ಹಿಡಿಯುತ್ತಾಳೆ.

"ಛಲೋ ಮಾಡಿದ್ರಿ," ಎಂದಳು, ಪರವೂರಿನ ನಟನಿಗೆ ಹೇಳುವ ಹಾಗೆ. "ನಿಮ್ಮ ಮನ್ಯಾಗ ಯಾರ್ಯಾರ ಅದಾರ್ರೀ?"

ಮೌನೇಶಪ್ಪ ಕೌದಿಯ ಅಂಚು ಬಿಟ್ಟ. "ನಾನು, ನನ್ನ ಹೆಂಡ್ತಿ. ಇಬ್ರೇ."

"ಅಯ್ಯ! ಅಕಿ ಒಬ್ಬಾಕಿನ್ನ ಬಿಟ್ಟು ಬಂದೀರೇನು?" ಕಾಳವ್ವನ ಮುಖದಲ್ಲಿ ನಿಜವಾದ ಕಳವಳ ಇತ್ತು. "ನಾಟಕ ಮುಗೀತಲ್ಲ. ಹೋಗ್ರಿ, ಲಗೂನ ಮನಿಗೆ ಹೋಗ್ರಿ. ಅಕಿ ದಾರಿ ನೋಡ್ತಿರ್ತಾಳ."

"ಹೊಂಟೆ," ಎಂದ ಮೌನೇಶಪ್ಪ. ಬಿಸಿಲಿನಲ್ಲಿ ಅವಳ ಪಕ್ಕ ನೆಲದ ಮೇಲೆ ಕೂತುಕೊಂಡ.

ನಾನು ಈಗಲೂ ಇದೇ ದೀಪದಲ್ಲಿ ಇದ್ದೇನೆ. ಅವನು ನನ್ನನ್ನು ತೆಗೆದಿಲ್ಲ. ನನ್ನ ಹಿಂದೆ ಸಾಲು ಇಲ್ಲ, ನುಂಗಲು ಮಾತಿಲ್ಲ. ಆದರೂ ಅವನು ದಿನಾ ಮುಂಜಾನೆ ಹತ್ತು ಎಣಿಸಿ ಕೌದಿ ಸರಿಸುತ್ತಾನೆ, ದಿನಾ ಆ ಮಾತು ಹೇಳುತ್ತಾನೆ, ಮುಟ್ಟಿತೋ ಇಲ್ಲವೋ ತಿಳಿಯದೆ. ಸಾಲಿನ ಕೊನೆಗೆ ಕೂತವನಿಗೆ ಒಂದು ತಿಳುವಳಿಕೆ ಬಂದೇ ಬರುತ್ತದೆ. ನಾನು ನೋಡುತ್ತಿದ್ದೇನೆ, ಅವನು ಮಾತು ಮುಗಿಸಿದಾಗ ಅವಳ ಕೈ ಒಂದು ಸಲ ತೂಗುತ್ತದೆ. ಮುಟ್ಟಿದೆಯಪ್ಪಾ ಎಂದು ಅವನಿಗೆ ಹೇಳಬೇಕೆನಿಸುತ್ತದೆ. ನನಗೆ ಬಾಯಿಲ್ಲ.